ಕೆಂಪು ಚೀಟಿ ಎಲ್ಲಿ ಹೋಯಿತು?

ಬಾಟಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ದುರ್ಬೀನು ಎಂದು. ಬೆಳಕಿನ ಪರದೆಯ ಮುಂದೆ ಕೂತು, ಒಂದರ ಹಿಂದೆ ಒಂದು ಸಾಗಿಬರುವ ಬಾಟಲಿಗಳಲ್ಲಿ ಗುಳ್ಳೆ, ಬಿರುಕು, ಕೂದಲೆಳೆಯಂಥ ಗೆರೆ ಏನಿದ್ದರೂ ಹಿಡಿದು ಪಕ್ಕಕ್ಕಿಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಹೋದ ಒಡಕು ಬಾಟಲಿಗಳು ಬೆರಳೆಣಿಕೆಯಷ್ಟು.

ಅಂಥವಳಿಗೆ ಒಂದು ಚೀಟಿ ಸಿಗಲಿಲ್ಲ.

ಅವಳ ಅಮ್ಮ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಆ ಸೋಮವಾರ ಡಾಕ್ಟರು ಅವಳನ್ನು ಹೊರಗೆ ಕರೆದು, "ಇನ್ನು ಎರಡು ವಾರ, ಹೆಚ್ಚೆಂದರೆ ಮೂರು. ಜೊತೆಯಲ್ಲಿರಿ" ಎಂದು ಕಾಗದ ಬರೆದುಕೊಟ್ಟರು. ಜೊತೆಯಲ್ಲಿರಲು ರಜೆ ಎಲ್ಲಿದೆ? ಇದ್ದ ರಜೆಯೆಲ್ಲ ಆಸ್ಪತ್ರೆಯ ಓಡಾಟಕ್ಕೆ ಮುಗಿದಿತ್ತು. ಹೇಳದೆ ಮೂರು ದಿನ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತಾರೆ. ಗಂಡನ ಕ್ಷೌರದಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಒಬ್ಬರ ತಲೆ ಮುಗಿಸಿ ಇನ್ನೊಬ್ಬರ ತಲೆಗೆ ಕೈಹಾಕುವ ನಡುವೆ ಅವನು ಒಳಗೆ ಬಂದು ಅತ್ತೆಗೆ ನೀರು ಕುಡಿಸುತ್ತಿದ್ದ. ಆದರೆ ಅಮ್ಮ ಕೇಳುತ್ತಿದ್ದುದು ನೀರನ್ನಲ್ಲ. ಬೆಳಿಗ್ಗೆ ಮಗಳು ಸಮವಸ್ತ್ರದ ಗುಂಡಿ ಹಾಕಿಕೊಳ್ಳುವಾಗ ದಿನವೂ ಒಂದೇ ಮಾತು:

"ಇವತ್ತು ಇರ್ತೀಯೇನೇ?"

"ಸಂಜೆ ಬಂದ್ಬಿಡ್ತೀನಮ್ಮ."

ಅಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಹಿಂದೆ ಕಾರ್ಖಾನೆಯಲ್ಲಿ ಇಂಥ ಹೊತ್ತಿಗೆಂದೇ ಕೆಂಪು ಚೀಟಿ ಇತ್ತು. ಮನೆಯವರಿಗೆ ತೀರಾ ಹುಷಾರಿಲ್ಲದಿದ್ದರೆ, ಕೆಂಪು ಕಾಗದದ ಆ ಅರ್ಜಿ ತುಂಬಿ ಡಾಕ್ಟರ ಕಾಗದದ ಜೊತೆ ಕೊಟ್ಟರೆ ಮೂರು ವಾರದವರೆಗೆ ರಜೆ. ಎರಡು ವರ್ಷದ ಹಿಂದೆ ಕಾಗದದ ಅರ್ಜಿಗಳನ್ನೆಲ್ಲ ನಿಲ್ಲಿಸಿ ಸಿಬ್ಬಂದಿ ಪೋರ್ಟಲ್ ಮಾಡಿದರು. ಕ್ಯಾಂಟೀನಿನ ಕಂಬದ ಪಕ್ಕ ಒಂದು ಕಂಪ್ಯೂಟರ್ ಇಟ್ಟು, ಇನ್ನು ಮೇಲೆ ಎಲ್ಲವೂ ಇದರಲ್ಲೇ, ಮೊಬೈಲಿನಲ್ಲೂ ನೋಡಬಹುದು ಎಂದರು. ಅಂದಿನಿಂದ ಕೆಂಪು ಚೀಟಿಯನ್ನು ಕಂಡವರಿಲ್ಲ. ಅದನ್ನು ತೆಗೆದುಹಾಕಿದರಂತೆ ಎಂಬ ಮಾತು ಕುಲುಮೆಯಿಂದ ಗೋದಾಮಿನವರೆಗೆ ಹಬ್ಬಿ ನಿಂತುಬಿಟ್ಟಿತು.

ಆದರೂ ಮಂಗಳವಾರ ಊಟದ ಬಿಡುವಿನಲ್ಲಿ ಅವಳು ಕಂಬದ ಮುಂದೆ ನಿಂತಳು. ಮೇಲೆ ಉದ್ದನೆಯ ಖಾಲಿ ಚೌಕ, ಪಕ್ಕದಲ್ಲಿ 'ಹುಡುಕಿ' ಎಂಬ ಗುಂಡಿ. ಒಂದೊಂದೇ ಅಕ್ಷರ ಒತ್ತಿ 'ಕೆಂಪು ಚೀಟಿ' ಎಂದು ಬರೆದಳು. 'ಯಾವುದೇ ಫಲಿತಾಂಶವಿಲ್ಲ' ಎಂದು ಬಂತು. ಮತ್ತೆ ಬರೆದಳು: 'ನಮ್ಮ ಅಮ್ಮನಿಗೆ ತುಂಬಾ ಹುಷಾರಿಲ್ಲ ಮೂರು ವಾರ ರಜಾ ಬೇಕು'. ಅದಕ್ಕೂ ಅದೇ ಉತ್ತರ.

ಸಂಜೆ ಗಂಡನಿಗೆ ಹೇಳಿದಳು. ಅವನು ಕತ್ತರಿ ಒರೆಸುತ್ತ, "ನಾನು ಮೊದಲೇ ಹೇಳ್ಲಿಲ್ವಾ? ಅದು ದೊಡ್ಡೋರಿಗೆ ಮಾಡಿರೋದು ಕಣೇ. ನಮಗೆ ಬೇಕಾದ್ದು ಅದರಲ್ಲಿ ಇರಲ್ಲ. ಇದ್ರೂ ಬಚ್ಚಿಟ್ಟಿರ್ತಾರೆ" ಎಂದ.

"ಇಲ್ಲ ಅಂತ ಅದೇ ಬಾಯ್ಬಿಟ್ಟು ಹೇಳ್ತಲ್ರೀ," ಎಂದಳು.

ಬುಧವಾರ ಕೈಗವಸು ತರಲು ಸ್ಟೋರಿಗೆ ಹೋದಳು. ಸ್ಟೋರು ನೋಡಿಕೊಳ್ಳುವವಳು ಇವಳಿಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಇದೇ ಕಾರ್ಖಾನೆಯ ಕುಲುಮೆಯಲ್ಲಿದ್ದವನು, ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡ. ಆಮೇಲೆ ಅವಳದು ಬೇಕಾದಷ್ಟೇ ಮಾತು.

"ನಿನ್ನೆ ಮೂರು ಒಡಕು ಬಾಟಲಿ ದಾಟಿ ಹೋದ್ವಂತಲ್ಲ ಅಕ್ಕ. ದುರ್ಬೀನಿಗೆ ಮಂಜು ಕವಿದಿದೆ ಅಂತ ಪ್ಯಾಕಿಂಗಿನವರು ಆಡ್ಕೋತಿದ್ರು. ಏನಾಗಿದೆ?"

ದುರ್ಬೀನು ಅಮ್ಮನ ವಿಷಯ ಹೇಳಿದಳು. "ಕೆಂಪು ಚೀಟಿ ಇದ್ದಿದ್ರೆ ಆಗ್ತಿತ್ತು ತಂಗಿ. ತೆಗೆದೇಬಿಟ್ಟಿದಾರೆ. ನಾನೇ ಹುಡುಕಿ ನೋಡಿದೆ."

ಸ್ಟೋರಿನವಳು ಕೈಗವಸಿನ ಕಟ್ಟನ್ನು ಕೆಳಗಿಟ್ಟಳು. "ಏನಂತ ಬರೆದು ಹುಡುಕಿದ್ರಿ?"

"ಕೆಂಪು ಚೀಟಿ ಅಂತ. ಇನ್ನೇನಂತ ಬರೀಲಿ?"

"ಮೊನ್ನೆ ನೀವು ಬಂದು 'ಆ ಕೋತಿ ಬಾಲ ಕೊಡು' ಅಂದ್ರಿ. ಬಾಟಲಿ ಉಜ್ಜೋ ಉದ್ದನೆ ಬ್ರಶ್ಶು ಕೊಟ್ಟೆ. ಈ ರ‍್ಯಾಕುಗಳಲ್ಲಿ ಎಲ್ಲಾದ್ರೂ ಕೋತಿ ಬಾಲ ಅಂತ ಬರೆದಿದೆಯಾ ನೋಡಿ."

ಇರಲಿಲ್ಲ. ಅಂಟಿಸಿದ್ದ ಚೀಟಿಯಲ್ಲಿ 'ಬ್ರಶ್, ಉದ್ದ ಹಿಡಿ, ಎರಡನೇ ಅಳತೆ' ಎಂದಿತ್ತು.

"ನಿಮ್ಮ ಭಾಷೆ ನನಗೆ ಗೊತ್ತು, ಅದಕ್ಕೇ ಕೊಟ್ಟೆ. ಪೋರ್ಟಲ್‌ಗೆ ಗೊತ್ತಿಲ್ಲ. ಅದು ರ‍್ಯಾಕಿನ ಮೇಲಿರೋ ಹೆಸರನ್ನ ಮಾತ್ರ ಓದುತ್ತೆ. ಕೆಂಪು ಅನ್ನೋದು ಕಾಗದದ ಬಣ್ಣ. ಕಾಗದ ಹೋಯ್ತು, ಬಣ್ಣಾನೂ ಹೋಯ್ತು. ರಜೆ ಹೋಗಿಲ್ಲ ಅಕ್ಕ."

"ನಿನಗೆ ಹೇಗೆ ಗೊತ್ತು?"

ಅವಳು ರ‍್ಯಾಕಿನ ಕಡೆ ನೋಡುತ್ತ ಹೇಳಿದಳು: "ನಮ್ಮನೆಯವರು ಮಲಗಿದ್ದಾಗ ನಾನೂ ಕೆಂಪು ಚೀಟಿ ಅಂತಲೇ ಹುಡುಕಿದ್ದೆ. ಇಲ್ಲ ಅಂತ ಬಂತು, ಸುಮ್ಮನಾದೆ. ಅವರು ಹೋದಾಗ ಇಲ್ಲಿ ನಿಂತು ನಟ್ಟು ಎಣಿಸ್ತಿದ್ದೆ. ಆಮೇಲೆ ನನ್ನ ಮನೆಯವರ ಪಟ್ಟಿಯಿಂದ ಅವರ ಹೆಸರು ತೆಗೆಸೋಕೆ 'ಕುಟುಂಬ' ಅಂತ ಹುಡುಕಿದೆ. ಕೆಳಗಡೆ ಆ ರಜೆ ಇತ್ತು. ಆಗ ಅವರು ಹೋಗಿ ಹತ್ತೊಂಬತ್ತು ದಿನ ಆಗಿಹೋಗಿತ್ತು."

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂಬ ಮಾತು ದುರ್ಬೀನಿನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಸ್ಟೋರಿನವಳಿಗೆ ಅದು ಕೇಳಿಸಿತೇನೋ.

"ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

ಬಿಡುವಾದಾಗ ಇಬ್ಬರೂ ಕಂಬದ ಹತ್ತಿರ ಹೋದರು. ಸ್ಟೋರಿನವಳು ಕೈ ಕಟ್ಟಿ ನಿಂತಳು. "ನೀವೇ ಒತ್ತಿ. ನಾನು ಒತ್ತಿದ್ರೆ ನಾಳೆ ಮರೀತೀರಿ. ಕಥೆಯೆಲ್ಲ ಹೇಳೋದು ಬೇಡ, ಒಂದು ಪದ ಸಾಕು."

ದುರ್ಬೀನು 'ರಜಾ' ಎಂದು ಬರೆದಳು. ಎರಡೇ ಸಾಲು ಬಂತು, ಎರಡೂ ಹಳೆಯ ಸುತ್ತೋಲೆ.

"ಬಾಯಲ್ಲಿ ರಜಾ ಅಂತೀವಿ, ಕಾಗದದಲ್ಲಿ ರಜೆ ಅಂತ ಬರೀತಾರೆ. ಕೊನೆ ಅಕ್ಷರ ತಿದ್ದಿ."

ತಿದ್ದಿದಳು. ಇನ್ನೂರ ಹದಿನಾಲ್ಕು ಸಾಲು ಬಂತು.

"ಇಷ್ಟನ್ನ ಓದೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ."

"ಎಲ್ಲ ಓದ್ಬೇಡಿ. ಎಡಗಡೆ ನೋಡಿ. ಸುತ್ತೋಲೆ, ಸೂಚನೆ, ಅರ್ಜಿ ಅಂತ ಬೇರೆ ಬೇರೆ ಇದೆ. ನಿಮಗೆ ಯಾವುದು ಬೇಕು?"

ದುರ್ಬೀನು 'ಅರ್ಜಿ' ಒತ್ತಿದಳು. ಇಪ್ಪತ್ತಾರಕ್ಕೆ ಇಳಿಯಿತು.

"ಈಗ ಇನ್ನೊಂದು ಪದ ಸೇರಿಸಿ."

'ರಜೆ ಅಮ್ಮ' ಎಂದು ಬರೆದಳು. 'ಯಾವುದೇ ಫಲಿತಾಂಶವಿಲ್ಲ.' ಅವಳ ಕೈ ಕೆಳಗಿಳಿಯಿತು. "ನೋಡಿದ್ಯಾ?"

"ಬಿಡ್ಬೇಡಿ. ಅಮ್ಮ ಅನ್ನೋದು ಮನೆ ಮಾತು. ಅಮ್ಮನ ಹತ್ರ ಕೂತು ನೀವು ಮಾಡೋದಿದೆಯಲ್ಲ, ಅದನ್ನ ಆಫೀಸಿನವರು, ಆಸ್ಪತ್ರೆಯವರು ಏನಂತಾರೆ?"

ದುರ್ಬೀನು ಯೋಚಿಸಿದಳು. ಅಂಗಿಯ ಜೇಬಿನಿಂದ ಡಾಕ್ಟರ ಕಾಗದ ತೆಗೆದು ಬಿಡಿಸಿದಳು. 'ರೋಗಿಗೆ ಮನೆಯಲ್ಲಿ ಸದಾ ಆರೈಕೆ ಅಗತ್ಯ.' ಚೌಕದಲ್ಲಿದ್ದದ್ದನ್ನೂ ಎಡಗಡೆಯ ಆಯ್ಕೆಯನ್ನೂ ಅಳಿಸಿ 'ಆರೈಕೆ' ಎಂದು ಬರೆದಳು.

ಮೂರು ಸಾಲು ಬಂತು. ಮೊದಲನೆಯದು 'ಸಮವಸ್ತ್ರದ ಆರೈಕೆ, ಒಗೆಯುವ ವಿಧಾನ'.

"ಅಂಗಿಗೆ ಆರೈಕೆ ಇದೆ ನೋಡು, ಮನುಷ್ಯರಿಗಿಲ್ಲ."

"ಕೆಳಗೆ ಬನ್ನಿ ಅಕ್ಕ. ಮೊದಲನೇ ಸಾಲಿಗೇ ನಿಲ್ಲಬಾರದು."

ಮೂರನೆಯ ಸಾಲು: 'ಕುಟುಂಬ ಸದಸ್ಯರ ಆರೈಕೆ ರಜೆ, ಅರ್ಜಿ'. ಇಪ್ಪತ್ತೊಂದು ದಿನದವರೆಗೆ, ಡಾಕ್ಟರ ಕಾಗದದ ಫೋಟೋ ಲಗತ್ತಿಸಬೇಕು. ಅದೇ ಕೆಂಪು ಚೀಟಿ. ಎರಡು ವರ್ಷದಿಂದ ಅಲ್ಲೇ ಇತ್ತು.

ದುರ್ಬೀನು ಅದನ್ನು ಎರಡು ಸಲ ಓದಿದಳು. ತಿರುಗಿ ನೋಡಿದಾಗ ಸ್ಟೋರಿನವಳು ನೆಲ ನೋಡುತ್ತ ನಿಂತಿದ್ದಳು. ಇಬ್ಬರೂ ಸೇರಿ ಡಾಕ್ಟರ ಕಾಗದದ ಫೋಟೋ ತೆಗೆದರು. ಅರ್ಜಿ ತುಂಬಿ ಕಳಿಸಿದರು.

ಗುರುವಾರ ಮಧ್ಯಾಹ್ನ ಮೊಬೈಲಿಗೆ ಉತ್ತರ ಬಂತು: ಶುಕ್ರವಾರದಿಂದ ರಜೆ ಮಂಜೂರಾಗಿದೆ. ಸಂಜೆ ಗಂಡ ಅದನ್ನು ದೀಪದ ಕೆಳಗೆ ಹಿಡಿದು ಓದಿದ.

"ಅದರಲ್ಲೇ ಇತ್ತಾ?"

"ಇತ್ತು. ಹೆಸರು ಬೇರೆ."

ಅವನು ಮೊಬೈಲನ್ನು ಅವಳ ಕೈಗೆ ಕೊಟ್ಟು, "ನಿಮ್ಮ ಕುಲುಮೆಯವನೊಬ್ಬ ಗಡ್ಡ ತೆಗೆಸೋಕೆ ಬರ್ತಾನಲ್ಲ, ಹೆಂಡತಿಗೆ ಆಪರೇಷನ್ ಆಗಿದೆ, ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತಿದ್ದ. ಆ ಹೆಸರು ಒಂದು ಕಾಗದದಲ್ಲಿ ಬರೆದುಕೊಡು" ಎಂದ.

ಶುಕ್ರವಾರ ಬೆಳಿಗ್ಗೆ ಸಮವಸ್ತ್ರ ಗೂಟದಲ್ಲೇ ಇತ್ತು.

"ಇವತ್ತು ಇರ್ತೀಯೇನೇ?"

"ಇರ್ತೀನಮ್ಮ."

"ನಾಳೆ?"

"ನಾಳೇನೂ."

ಅಮ್ಮ ಗೋಡೆಯ ಕಡೆ ತಿರುಗಲಿಲ್ಲ. ಮತ್ತೆ ಆ ಪ್ರಶ್ನೆ ಕೇಳಲೂ ಇಲ್ಲ. ಅವಳು ಇದ್ದದ್ದು ಇನ್ನು ಒಂಬತ್ತು ದಿನ. ಒಂಬತ್ತೂ ದಿನ ಮಗಳ ಕೈ ಅವಳಿಗೆ ಸಿಗುವಷ್ಟು ಹತ್ತಿರದಲ್ಲಿತ್ತು.

ದುರ್ಬೀನು ಕೆಲಸಕ್ಕೆ ಮರಳಿದ ದಿನ ಕ್ಯಾಂಟೀನಿನ ಕಂಬದ ಮೇಲೆ ಒಂದು ಹಾಳೆ ಅಂಟಿಸಿತ್ತು. ರ‍್ಯಾಕಿನ ಚೀಟಿಗಳ ಮೇಲಿದ್ದಂಥದೇ ದುಂಡನೆಯ ಅಕ್ಷರ: 'ಕೆಂಪು ಚೀಟಿ ಎಂದರೆ ಕುಟುಂಬ ಸದಸ್ಯರ ಆರೈಕೆ ರಜೆ.' ಅದರ ಕೆಳಗೆ ಬೇರೆ ಯಾರೋ, 'ಅದಲುಬದಲು ಕಾಗದ ಎಂದರೆ ಪಾಳಿ ಬದಲಾವಣೆ ಅರ್ಜಿ' ಎಂದು ಸೇರಿಸಿದ್ದರು. ದುರ್ಬೀನು ಜೇಬಿನಿಂದ ಪೆನ್ನು ತೆಗೆದು ಕೊನೆಯಲ್ಲಿ ಬರೆದಳು: 'ರಜಾ ಅಲ್ಲ, ರಜೆ.'

ಓದುತ್ತಿರುವವರೇ, ಯಾರೋ ಓದುವುದನ್ನು ಕೇಳುತ್ತಿರುವವರೇ, ನಿಮ್ಮ ಕೆಲಸದ ಜಾಗದಲ್ಲೂ ಇಂಥ ಪೋರ್ಟಲ್ ಇರಬಹುದು. ಅದರಲ್ಲಿ ಹುಡುಕುವಾಗ ಇಡೀ ಕಷ್ಟವನ್ನು ಬರೆಯಬೇಡಿ; ಒಂದೆರಡು ಪದ ಸಾಕು. ಸಿಗದಿದ್ದರೆ ಪದ ಬದಲಿಸಿ. ಸರಿಯಾದ ಪದ ನಿಮ್ಮ ಕೈಯಲ್ಲಿರುವ ಯಾವುದೋ ಕಾಗದದಲ್ಲೇ ಇರಬಹುದು. ಹೆಚ್ಚು ಬಂದರೆ ಅರ್ಜಿ ಯಾವುದು, ಸೂಚನೆ ಯಾವುದು ಎಂದು ಬೇರೆ ಮಾಡಿ, ಕೊನೆಯ ಸಾಲಿನವರೆಗೆ ನೋಡಿ. ಆಗಲೂ ಕಾಣದಿದ್ದರೆ ತಿಳಿದವರನ್ನು ಕೇಳಿ. ಸಿಕ್ಕಿದರೆ ಪಕ್ಕದವರಿಗೆ ಹೇಳಿ, ಬಾಯಿ ಬರದಿದ್ದರೆ ಬರೆದು ಅಂಟಿಸಿ.

ಫಲಿತಾಂಶವಿಲ್ಲ ಎಂದು ಬಂದರೆ ನೀವು ಬರೆದ ಪದ ಅಲ್ಲಿಲ್ಲ ಎಂದಷ್ಟೇ ಅರ್ಥ. ಇಂದೇ ಒಮ್ಮೆ ಹುಡುಕಿ ನೋಡಿ, ಮನೆಯಲ್ಲಿ ಯಾರಾದರೂ "ಇವತ್ತು ಇರ್ತೀಯಾ?" ಎಂದು ಕೇಳುವ ದಿನ ಬರುವ ಮೊದಲು.