ಎಸ್ತೇರಮ್ಮನ ಮೊಣಕೈ

ಎಸ್ತೇರಮ್ಮ ನಡೆಯುವುದನ್ನು ಹಿಂದಿನಿಂದ ನೋಡಿದವರಿಗೆ, ಈ ಹೆಂಗಸು ಯಾರ ಮನೆಗೋ ಜಗಳಕ್ಕೆ ಹೊರಟಿದ್ದಾಳೆ ಎನ್ನಿಸದೆ ಇರದು. ಭಾನುವಾರದ ಆರಾಧನೆಗೆ ಹೋಗುವಾಗಲೂ ಅದೇ ನಡಿಗೆ: ಸೆರಗು ಸೊಂಟಕ್ಕೆ ಬಿಗಿದು, ದವಡೆ ಕಚ್ಚಿ, ಬಲತೋಳನ್ನು ಮೊಣಕೈಯವರೆಗೆ ಬರಿದಾಗಿಸಿಕೊಂಡು. ಆ ಮೊಣಕೈ ನಲವತ್ತು ವರ್ಷ ಬಿಸಿನೀರು ಮುಟ್ಟಿ ಮುಟ್ಟಿ ಕಪ್ಪಾಗಿದೆ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾದ ಲೋಟ ಮುಂದಿಟ್ಟರೂ ಮೊದಲು ಅದಕ್ಕೆ ಮೊಣಕೈ ತಾಗಿಸಿ, ಆಮೇಲೆ ತುಟಿಗೆ ಹಚ್ಚುತ್ತಾಳೆ. ಇದನ್ನು ಕಂಡು ನಕ್ಕವರಿದ್ದಾರೆ. ಎರಡನೆಯ ಸಲ ನಕ್ಕವರಿಲ್ಲ.

ಅಭ್ಯಾಸಕ್ಕೆ ಕಾರಣವಿದೆ. ಕುಷ್ಠರೋಗ ಗುಣವಾದ ಮೇಲೂ ಎಷ್ಟೋ ಜನರ ಪಾದಗಳಿಗೆ ಸ್ಪರ್ಶಜ್ಞಾನ ಮರಳಿ ಬರುವುದಿಲ್ಲ. ಮುಳ್ಳು ಚುಚ್ಚಿದ್ದೂ, ನೀರು ಸುಟ್ಟಿದ್ದೂ ತಿಳಿಯದೆ ಅಂಗಾಲಿನ ಗಾಯ ಎಲುಬಿನವರೆಗೆ ಇಳಿದಿರುತ್ತದೆ. ಪ್ರತಿ ಶನಿವಾರ ಬೆಳಿಗ್ಗೆ ಪ್ರೇಮಸೇವಾ ಸಂಘದ ತಗಡಿನ ಚಪ್ಪರದಲ್ಲಿ ಇಂಥವರ ಕಾಲುಗಳನ್ನು ಬೋಗುಣಿಯಲ್ಲಿ ನೆನೆಸಿ, ಸತ್ತ ಚರ್ಮ ಉಜ್ಜಿ, ಎಣ್ಣೆ ಸವರಿ, ಗಾಯಕ್ಕೆ ಪಟ್ಟಿ ಕಟ್ಟುವುದು ಅವಳ ಕೆಲಸ. ಪರರ ಕಾಲು ನೀರಿಗಿಳಿಯುವ ಮೊದಲು ತನ್ನ ಮೊಣಕೈ ಇಳಿಯಬೇಕು ಎಂಬುದು ಅತ್ತೆ ರೂತಮ್ಮ ಹಾಕಿಕೊಟ್ಟ ಕಟ್ಟಳೆ.

ಸಂಘ ಹುಟ್ಟಿದ್ದೂ ಆ ರೂತಮ್ಮನಿಂದಲೇ. ಐವತ್ತು ವರ್ಷಗಳ ಹಿಂದೆ ಚರ್ಚಿನ ಸಭೆಯ, ಕೂಲಿಗೆ ಹೋಗುವ ಹೆಂಗಸರು ದಿನಾ ರೊಟ್ಟಿಗೆ ಹಿಟ್ಟು ನಾದುವ ಮುನ್ನ ಒಂದು ಹಿಡಿ ಜೋಳವನ್ನು ಮಡಕೆಗೆ ಹಾಕಿ, ಶನಿವಾರ ತಂದು ಅವಳ ಅಂಗಳದಲ್ಲಿ ಸುರಿಯುತ್ತಿದ್ದರು. ಕಾಲು ತೊಳೆಸಿಕೊಳ್ಳಲು ಬಂದವರಿಗೆ ಅದರ ಅಂಬಲಿ. ಮುಂದೆ ಸಿಂಧನೂರಿನಲ್ಲೂ ಮಸ್ಕಿಯಲ್ಲೂ ಚಪ್ಪರಗಳೆದ್ದವು. ಕಾಲುವೆ ನೀರಿಗೆ ಭತ್ತ ಬೆಳೆಯುವ ಸಿಂಧನೂರಿನ ಕಡೆಯಿಂದ ಜೋಳದ ಬದಲು ಅಕ್ಕಿ ಬರತೊಡಗಿತು. ರೂತಮ್ಮನ ಇನ್ನೊಂದು ಕಟ್ಟಳೆ ಮೊಣಕೈಯದಕ್ಕಿಂತ ಕಠಿಣ: ಬಂದವರ ಹೆಸರು ಕೇಳಕೂಡದು, ಯಾರು ಬಂದಿದ್ದರೆಂದು ಹೊರಗೆ ಬಾಯಿಬಿಡಕೂಡದು. ಹಾಗಾಗಿ ಅಲ್ಲಿ ಎಲ್ಲರಿಗೂ ಊರ ಹೆಸರೇ. "ಏ ಪಾಮನಕಲ್ಲೂರು, ಕಾಲು ತಗೀಬ್ಯಾಡೋ, ಇನ್ನಾ ನೆನೀಲಿ," "ವಳಕಮದಿನ್ನಿ, ಈ ವಾರನೂ ಬರಿಗಾಲಿಲೆ ಬಂದೀಯೇನು? ನಿನ್ನ ಚಪ್ಪಲಿ ನಾಯಿ ತಿಂದಾವೇನು?" ಹೀಗೆ ಎಸ್ತೇರಮ್ಮ ಬೈಯುತ್ತ ತೊಳೆಯುತ್ತಾಳೆ. ಬೈಯದ ದಿನ, ಅವಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅವರೇ ಗಾಬರಿಯಾಗುತ್ತಾರೆ.

ಅವರಲ್ಲಿ 'ಗುರುಗುಂಟಾ' ಒಬ್ಬಳು. ಅವಳ ಹೆಸರನ್ನು ನಾವೂ ಬರೆಯುವುದಿಲ್ಲ. ಊರೂ ನಿಜದ್ದಲ್ಲ ಎಂದು ತಿಳಿಯಿರಿ. ರೋಗ ಹೋಗಿ ಮೂವತ್ತು ವರ್ಷವಾಗಿತ್ತು, ಬಲ ಅಂಗಾಲಿನ ಒಂದು ಗಾಯ ಮಾತ್ರ ಉಳಿದಿತ್ತು. ಊರಲ್ಲಿ ಮಿರ್ಚಿ ಭಜಿ ಕರಿದು ಮಾರಿ ಬದುಕುತ್ತಿದ್ದ ಆ ವಿಧವೆ, ಶನಿವಾರ ದರ್ಗಾಕ್ಕೆ ಹೋಗಿಬರುತ್ತೇನೆಂದು ಹೇಳಿ ಹದಿನೆಂಟು ವರ್ಷ ಬಸ್ಸು ಹತ್ತಿ ಬಂದಿದ್ದಳು.

ಸಂಘಕ್ಕೆ ಐವತ್ತು ತುಂಬಿದಾಗ ಕಾರ್ಯದರ್ಶಿ ಪ್ರಭುದಾಸ ಒಂದು ಸ್ಮರಣ ಸಂಚಿಕೆ ತಂದ. ಮೇಷ್ಟ್ರ ಕೆಲಸದವನು, ಸಜ್ಜನ; ಎಸ್ತೇರಮ್ಮನಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಗೌರವ ಸಲ್ಲಲಿ ಎಂಬುದೇ ಅವನ ಮನಸ್ಸಿನಲ್ಲಿದ್ದದ್ದು. ಮುಖಪುಟದಲ್ಲಿ ಅವಳು ಮೊಣಕಾಲೂರಿ ಪಾದ ತೊಳೆಯುತ್ತಿರುವ ಬಣ್ಣದ ಚಿತ್ರ. ವೇದಿಕೆಯ ಮೇಲೆ ಶಾಲು ಹೊದಿಸಿ ಪುಸ್ತಕ ಕೈಗಿಟ್ಟಾಗ ಅವಳು ತನ್ನ ಮುಖ ನೋಡಿ ಹಿಗ್ಗಿದಳು. ಹಿಗ್ಗಿದ್ದು ಸುಳ್ಳಲ್ಲ, ಅದನ್ನು ಅವಳು ಇಂದಿಗೂ ತನಗೆ ತಾನೇ ಕ್ಷಮಿಸಿಕೊಂಡಿಲ್ಲ. ಮನೆಗೆ ಬಂದು ಕನ್ನಡಕ ಹಾಕಿದ ಮೇಲಷ್ಟೇ ಕಂಡದ್ದು: ತೊಳೆಸಿಕೊಳ್ಳುತ್ತಿದ್ದ ಗುರುಗುಂಟಾಳ ಮುಖವೂ ಅಷ್ಟೇ ಸ್ಪಷ್ಟವಾಗಿತ್ತು, ಕೆಳಗೆ ಅವಳ ಹೆಸರು, ಊರು, ರೋಗ.

ಮರುದಿನ ಬೆಳಿಗ್ಗೆ ಎಸ್ತೇರಮ್ಮ ಪ್ರಭುದಾಸನ ಬಾಗಿಲಲ್ಲಿದ್ದಳು.

"ಹೆಸರು ಯಾರು ಹೇಳಿದ್ರೋ ನಿನಗ?"

"ನಾನಾ ಕೇಳಿದ್ನಿರಿ ಅಮ್ಮಾರ. ಸಂಘದ ಇತಿಹಾಸ ಬರಿಯೂಮುಂದ ಹೆಸರು ಬ್ಯಾಡೇನ್ರಿ? ನಾಕು ಮಂದಿಗೆ ನಮ್ಮ ಸೇವಾ ಗೊತ್ತಾಗ್ಲಿ ಅಂತ…"

"ನಿನ್ನ ಹೇಂತಿ ಜಳಕ ಮಾಡೂ ಫೋಟೋ ಹಾಕಿ ನಾಕು ಮಂದಿಗೆ ಹಂಚೋ! ಆಗ ಗೊತ್ತಾಗ್ತೈತಿ ನಿನಗ. ಆಕಿ ನಮ್ಮನ್ನ ನಂಬಿ ಕಾಲು ಕೊಟ್ಟಾಳ. ನೀ ಆಕಿ ಮಾರೀನ ಮಾರಿಬಿಟ್ಟೆಲ್ಲೋ!"

ಶಾಲನ್ನು ಅವನ ಹೊಸ್ತಿಲಲ್ಲಿ ಎಸೆದು, ಹಂಚಿದ ಪುಸ್ತಕಗಳನ್ನು ಮರಳಿ ತರಲು ಹೊರಟಳು. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಕಡೆ ಮನೆಮನೆ ಹೊಕ್ಕು, ಟೀಪಾಯಿಯ ಮೇಲಿದ್ದದ್ದನ್ನು, ಬೈಬಲ್ಲಿನ ಜೊತೆ ಇಟ್ಟುಕೊಂಡದ್ದನ್ನು, ಯಜಮಾನರ ಎದುರಿನಲ್ಲೇ ಎತ್ತಿಕೊಂಡು ಮುಖಪುಟ ಪರ್ರೆಂದು ಹರಿದಳು. ಹುಚ್ಚು ಹಿಡಿದಿದೆ ಎಂದರು. ಪಾದ್ರಿಗಳು ಸಮಾಧಾನ ಹೇಳಲು ಬಂದರೆ, ಅವರ ಕೈಯಲ್ಲಿದ್ದ ಪ್ರತಿಯನ್ನೂ ಕಸಿದುಕೊಂಡಳು. ಆದರೆ ಅಷ್ಟರಲ್ಲಿ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ಗುರುಗುಂಟಾಳ ಊರು ಮುಟ್ಟಿತ್ತು. ಅವಳ ಭಜಿ ಬಾಣಲೆಯ ಮುಂದೆ ಜನ ನಿಲ್ಲುವುದು ನಿಂತಿತು. ಶನಿವಾರದ ಬಸ್ಸಿನಲ್ಲಿ ಅವಳು ಬರುವುದೂ ನಿಂತಿತು.

ಎಸ್ತೇರಮ್ಮ ಅಲ್ಲಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬುಟ್ಟಿಯಲ್ಲಿ ಪಟ್ಟಿ, ಎಣ್ಣೆ ಇಟ್ಟುಕೊಂಡು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೂ ಹೋದಳು. ಆದರೆ ಈಗ ಆ ಊರಿನ ಹುಡುಗರಿಗೂ ಅವಳ ಮುಖ ಗೊತ್ತು. ಅವಳು ಆ ಓಣಿ ತುಳಿದರೆ ಅಳಿದುಳಿದ ಅನುಮಾನವೂ ನಿಜವಾಗುತ್ತದೆ. ತನ್ನ ಮುಖವೇ ತನ್ನ ದಾರಿಗೆ ಅಡ್ಡ ನಿಂತದ್ದನ್ನು ಕಂಡು, ಬುಟ್ಟಿಯನ್ನು ಆ ಊರಿಗೆ ಹೊರಟ ಒಬ್ಬ ನರ್ಸ್ ಕೈಗೆ ಕೊಟ್ಟು ಕಳಿಸಿದಳು. ಆ ಮನೆಯ ಬಾಗಿಲು ತೆರೆಯಲಿಲ್ಲ.

ಮೂರು ತಿಂಗಳ ಮೇಲೆ ಒಂದು ಶನಿವಾರ ಗುರುಗುಂಟಾ ಊರುಗೋಲಿನ ಮೇಲೆ ಬಂದಳು. ಬಲಗಾಲು ಪಾದದ ಗಂಟಿನಿಂದ ಕೆಳಗೆ ಇರಲಿಲ್ಲ. ಕೊಳೆತದ್ದನ್ನು ರಾಯಚೂರಿನಲ್ಲಿ ಕತ್ತರಿಸಿದ್ದರು.

"ಇನ್ನ ಮುಚ್ಚಿಡಾಕ ಏನೂ ಉಳಿದಿಲ್ಲವ್ವ," ಎಂದು ಬೆಂಚಿನ ಮೇಲೆ ಕೂತು ಎಡಗಾಲು ಚಾಚಿದಳು. "ಇದೊಂದನ್ನಾರ ಉಳಿಸಿ ಕೊಡು."

ಎಸ್ತೇರಮ್ಮ ಬೈಯಲಿಲ್ಲ. ಚಪ್ಪರದ ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದ ಪ್ರಭುದಾಸನತ್ತ ತಿರುಗಿದಳು. ಕ್ಷಮೆ ಕೇಳಲು ಅವನು ಬಾಯಿ ತೆರೆದ.

"ಬಾಯಿ ಮುಚ್ಚು. ಅಂಗಿ ತೋಳ ಮ್ಯಾಲ ಏರ್ಸು."

ಬೋಗುಣಿಯ ಮುಂದೆ ಅವನನ್ನು ಮೊಣಕಾಲೂರಿಸಿದಳು. ಅವನು ಅವಸರದಲ್ಲಿ ಆ ಎಡಗಾಲನ್ನು ಹಿಡಿದು ನೀರಿಗಿಳಿಸಹೋದಾಗ ಕೈಯ ಮೇಲೆ ಚಟ್ಟನೆ ಹೊಡೆದಳು.

"ಮೊದಲ ನಿನ್ನ ಮೊಣಕೈ."

ಅವನು ಅದ್ದಿದ, ನೀರು ಕಾದಿತ್ತು, ಬೆಚ್ಚಿ ಕೈ ತೆಗೆದ. ತಣ್ಣೀರು ಬೆರೆಸಿ ಮತ್ತೆ ಅದ್ದಿದ. ಅಲ್ಲಿಂದಾಚೆ ಶನಿವಾರಗಳಂದು ಆ ಕಾಲನ್ನು ಅವನೇ ತೊಳೆಯುತ್ತಾನೆ, ಅವಳು ಪಕ್ಕದಲ್ಲಿ ನಿಂತು ಬೈಯುತ್ತಾಳೆ.

ಕರುಣೆಯೆಂದರೆ ಮೆಲುದನಿ, ಜೋಡಿಸಿದ ಕೈ, ತುಟಿಯಂಚಿನ ಮಂದಹಾಸ ಎಂದು ನಂಬಿಕೊಂಡವರು ನಾವು. ಅದಕ್ಕೇ ಶಾಲು ಹಿಡಿದು ಅದನ್ನು ವೇದಿಕೆಗಳ ಮೇಲೆ ಹುಡುಕುತ್ತೇವೆ. ಎಸ್ತೇರಮ್ಮನಂಥವರು ನಮಗೆ ಸಿಡುಕಿನ ಮುದುಕಿಯರಾಗಿ ಕಾಣುತ್ತಾರೆ, ಅವರ ಕೋಪವನ್ನು ಸ್ವಭಾವದೋಷವೆಂದು ದೊಡ್ಡ ಮನಸ್ಸು ಮಾಡಿ ಸಹಿಸಿಕೊಳ್ಳುತ್ತೇವೆ. ಅವರು ಬೈಯುವುದನ್ನು ಬಿಟ್ಟ ದಿನ ಸುಡುವುದು ನಮ್ಮ ಕಾಲಲ್ಲ; ಬಿಸಿ ತಿಳಿಯದವರ ಕಾಲು.