ಗದ್ದಲ ತೆಗೆದ ಹಾಡು

"ಈಗ ಕೇಳ್ರಿ ವೈನಿ. ಅಣ್ಣ ಎದುರಿಗೇ ಕುಂತು ಹಾಡಿದಂಗ ಕೇಳಸ್ತದ," ಎಂದು ಸಿದ್ದಣ್ಣ ರಿಮೋಟನ್ನು ಟೀವಿಯ ಕಡೆ ಹಿಡಿದ.

ತೆರೆಯ ಮೇಲೆ ಸಿನಿಮಾಗಳ ಚಿತ್ರಗಳು ಸಾಲುಸಾಲಾಗಿ ಮೂಡಿದವು. ಅವುಗಳ ನಡುವೆ, ರುಮಾಲು ಸುತ್ತಿ ಡೊಳ್ಳಿನ ಮೇಲೆ ಮೊಣಕೈ ಊರಿ ನಿಂತ ಅಮೋಘಪ್ಪನ ಫೋಟೋ ಇತ್ತು. ಅವನು ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಹೆಂಡತಿ ಮಾಳಮ್ಮ ಸೋಫಾದ ಅಂಚಿನಲ್ಲಿ, ಜಾರಿ ಬಿದ್ದಾಳೇನೋ ಎನ್ನುವಂತೆ ಕೂತಿದ್ದಳು. ಅವಳ ತೊಡೆಯ ಮೇಲೆ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ಇತ್ತು. ಗಂಡನ ಕ್ಯಾಸೆಟ್ಟುಗಳು ಮೊದಲಿನಿಂದ ಇದ್ದದ್ದು ಆ ಡಬ್ಬಿಯಲ್ಲೇ. ಹೋದ ಬೇಸಗೆಯಲ್ಲಿ ಮೈದುನ ಸಿದ್ದಣ್ಣ ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ ಮೇಲೆ ಡಬ್ಬಿ ಕಮಲಾಪುರದ ಮನೆಯ ಗೋಡೆಯ ಮಾಡದಲ್ಲಿ ಖಾಲಿ ಕೂತಿತ್ತು. ಇವತ್ತು ಕ್ಯಾಸೆಟ್ಟುಗಳನ್ನು ತಿರುಗಿ ಒಯ್ಯೋಣವೆಂದು ಬಸ್ಸಿನಲ್ಲಿ ಅದನ್ನು ಬಗಲಲ್ಲಿ ಇಟ್ಟುಕೊಂಡೇ ಕಲಬುರ್ಗಿಗೆ ಬಂದಿದ್ದಳು.

"ಹಾಡು ಟೀವಿಯಾಗ ಇಲ್ರಿ. ಇಗೋ, ಇದರಾಗ ಅವ," ಎಂದು ಸಿದ್ದಣ್ಣ ಟೀವಿಯ ಕೆಳಗಿನ ಗೂಡನ್ನು ತೋರಿಸಿದ. ಅಲ್ಲಿ ಕರಿಯ ಪೆಟ್ಟಿಗೆಯೊಂದು ಕೂತು ಎರಡು ಹಸಿರು ದೀಪಗಳನ್ನು ಮಿಟುಕಿಸುತ್ತಿತ್ತು. "ಒಳಗ ಎರಡು ಡಿಸ್ಕ್ ಅವ. ಮನ್ಯಾಗ ಎಲ್ಲಿ ಕುಂತರೂ ಕೇಳಬಹುದು. ಈ ಟೀವಿ, ಒಳಗಿನ ಟೀವಿ, ಫೋನು, ಯಾವುದರಾಗ ಬೇಕಾದರೂ."

"ಊಟಕ್ಕ ಕರದರ ಬರಂಗಿಲ್ಲಕ್ಕ, ಆ ಕರಿ ಡಬ್ಬಿ ಮುಂದ ಕುಂತುಬಿಡ್ತಾರ," ಎಂದು ಅವನ ಹೆಂಡತಿ ರಾಜೇಶ್ರೀ ಚಹಾದ ತಟ್ಟೆ ಹಿಡಿದು ಬಂದಳು. "ನನಗ ಜ್ವರ ಬಂದರ ಕೇಳಂಗಿಲ್ಲ. ಅದು ಬಿಸಿ ಆದರ ಫ್ಯಾನ್ ಹಚ್ಚತಾರ."

ಸಿದ್ದಣ್ಣ ನಕ್ಕು ಗುಂಡಿ ಒತ್ತಿದ.

ಡೊಳ್ಳಿನ ಒಂದು ಪೆಟ್ಟು ಬಿತ್ತು. ಆಮೇಲೆ ಅಮೋಘಪ್ಪನ ದನಿ. ಮಾಳಮ್ಮ ಚಹಾದ ಕಪ್ಪನ್ನು ಕೆಳಗಿಟ್ಟಳು. ದನಿ ಅವನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರೂ ಇಲ್ಲದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಹಾಡುತ್ತಿರುವಂತಿತ್ತು. ಎರಡನೆಯ ನುಡಿಗೆ ಬೊಗಳಬೇಕಾದ ನಾಯಿ ಬೊಗಳಲಿಲ್ಲ. ಮೂರನೆಯ ನುಡಿ ಮುಗಿಯುತ್ತಲೇ ಅವಳು ಮುಂದಕ್ಕೆ ಬಾಗಿದಳು. ಅವಳು ಬಂದದ್ದೇ ಅದಕ್ಕೆ. ಅಲ್ಲಿ ಅವನು ನಿಲ್ಲಿಸಬೇಕು, ಕೆಮ್ಮಬೇಕು, ನೀರು ಕೇಳಬೇಕು.

ಅವನು ನಿಲ್ಲಿಸಲಿಲ್ಲ. ಮೂರನೆಯ ನುಡಿಯ ಬಾಲಕ್ಕೇ ನಾಲ್ಕನೆಯದು ಹತ್ತಿಕೊಂಡಿತು.

ಆ ಹಾಡನ್ನು ಅಮೋಘಪ್ಪ ಮನೆಯ ಅಂಗಳದಲ್ಲಿ ಕೂತು ಕ್ಯಾಸೆಟ್ಟಿಗೆ ತುಂಬಿದ್ದು. ಮರುದಿನ ಬೇರೆ ಊರಿನ ಮೇಳದೆದುರು ಹಾಡಿನ ಸವಾಲಿಗೆ ಕೂಡುವುದಿತ್ತು. ತಾಲೀಮಿಗೆಂದು ಟೇಪು ಹಚ್ಚಿಕೊಂಡಿದ್ದ. ಸುತ್ತ ಓಣಿಯ ಹೆಂಗಸರು ಸೇರಿದ್ದರು. ನಡುವೆ ಗಂಟಲು ಒಣಗಿ, "ಏ, ನೀರು ತಾ," ಎಂದ. ಪಕ್ಕದ ಮನೆಯ ಚಾಂದಬಿ ಬಿಡಲಿಲ್ಲ. "ಏ ಅಂದ್ರ ಯಾರಣ್ಣಾ? ಎಮ್ಮಿನ ಕರದೇನು? ಹೆಸರು ಹಿಡದು ಒಡಪು ಹೇಳು, ಆಮ್ಯಾಲ ನೀರು," ಎಂದು ಮಾಳಮ್ಮನ ಕೈಯಲ್ಲಿದ್ದ ತಂಬಿಗೆಯನ್ನು ಕಸಿದುಕೊಂಡಿದ್ದಳು. ಹೆಂಗಸರೆಲ್ಲ ಅವಳ ಬೆನ್ನಿಗೆ ನಿಂತರು. ಅಮೋಘಪ್ಪನ ಮನೆತನದಲ್ಲಿ ಗಂಡಸರು ಹೆಂಡತಿಯನ್ನು ಹೆಸರಿಟ್ಟು ಕರೆದವರಲ್ಲ. ಮದುವೆಯ ದಿನ ಪ್ರಾಸ ಕಟ್ಟಿದ ಒಡಪಿನಲ್ಲಿ ಒಮ್ಮೆ ಹೇಳಿದರೆ ಮುಗಿಯಿತು, ಮುಂದೆ ಜೀವಮಾನವೆಲ್ಲ "ಏ", "ಕೇಳಿಲ್ಲಿ". ಮಾಳಮ್ಮನ ಮದುವೆಯಲ್ಲಿ ಆ ಒಡಪೂ ಬಾಜಾದ ಸದ್ದಿನಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ.

ಅಂಗಳದಲ್ಲಿ ಅವನು ಬಹಳ ಹೊತ್ತು ತಲೆ ಕೆರೆದುಕೊಂಡು, ನೆಲ ನೋಡುತ್ತ ಹೇಳಿದ್ದ:

"ಕೆಂಪು ಬಾಳಿಗಿ ತೂಗ್ತದ ಗೊನಿ, ಮಾಳಮ್ಮ ಬಂದು ತುಂಬ್ಯಾದ ಮನಿ."

ಚಾಂದಬಿ ಕೇಕೆ ಹಾಕಿ ನಕ್ಕಳು. ಟೇಪು ತಿರುಗುತ್ತಲೇ ಇತ್ತು. ಅವನು ತೀರಿಹೋದ ಮೇಲೆ ಮಾಳಮ್ಮ, ಮನೆಯಲ್ಲಿ ಯಾರೂ ಇಲ್ಲದಾಗ, ಆ ಜಾಗದ ತನಕ ಕ್ಯಾಸೆಟ್ಟನ್ನು ಓಡಿಸಿ ಕೇಳುತ್ತಿದ್ದಳು. ಟೇಪು ಕೆಟ್ಟು ಕೂತ ಮೇಲೆಯೇ ಸಿದ್ದಣ್ಣ ಬಂದು, "ಕೊಡ್ರಿ ವೈನಿ, ಎಂದೂ ಕೆಡದಂಗ ಇಟ್ಟುಕೊಡ್ತೀನಿ," ಎಂದದ್ದು.

ಹಾಡು ಮುಗಿಯಿತು. ಸಿದ್ದಣ್ಣ ಕಣ್ಣೊರೆಸಿಕೊಂಡ. ಅವನೂ ಅಣ್ಣನ ಹೆಗಲ ಮೇಲೆ ಕೂತು ಡೊಳ್ಳಿನ ಮೇಳಗಳಿಗೆ ಹೋಗಿ ಬೆಳೆದವನು.

"ಸಿದ್ದಣ್ಣ, ನಡುವ ಏನೋ ಬಿಟ್ಟಂಗ ಆತಲ್ಲ," ಎಂದಳು ಮಾಳಮ್ಮ.

"ಎಲ್ಲಿ ವೈನಿ? ನುಡಿ ಒಂದೂ ಬಿಟ್ಟಿಲ್ಲ."

"ನುಡಿ ಅಲ್ಲ." ಅವಳಿಗೆ ಹೇಗೆ ಕೇಳಬೇಕೋ ತಿಳಿಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಡುವ ಚಾಂದಬಿ ನಗತಾಳಲ್ಲ, ಅದು ಬರಲಿಲ್ಲ."

ಸಿದ್ದಣ್ಣನ ಮುಖ ಅರಳಿತು. "ಅದನ್ನೇ ತೆಗೆದೀನ್ರಿ. ನಾಯಿ, ಕೋಳಿ, ಹೆಣ್ಮಕ್ಕಳ ಮಾತು, ತಂಬಗಿ ಸಪ್ಪಳ, ಒಂದೂ ಬಿಟ್ಟಿಲ್ಲ. ನಮ್ಮ ಆಫೀಸಿನ ಗುರುರಾಜ ಸರ್ ಮೊದಲ ಸಲ ಕೇಳಿ, ಹಾಡು ಛಲೋ ಅದ, ಗದ್ದಲ ಭಾಳ ಅದ, ಅಂದಿದ್ರು. ಹಟಾ ಹಿಡದು ಕುಂತೆ. ಈಗ ಮನಿಗಿ ಯಾರು ಬಂದರೂ ಇದನ್ನೇ ಹಚ್ಚತೀನಿ."

"ತೆಗೆದಿದ್ದು ಎಲ್ಲಿಟ್ಟೀ?"

"ಅದನ್ನೇನು ಇಡೋದ್ರಿ, ಅಳಿಸಿದೆ."

"ಮೊದಲ ಹೆಂಗಿತ್ತೋ ಹಂಗೇ ಇದ್ದದ್ದು?"

"ಅದು ಜಾಗ ಭಾಳ ತಿಂತಿತ್ತು. ಇವರ ಸೀರಿಯಲ್ಲು, ಪಿಕ್ಚರು ಹಾಕಾಕ ಜಾಗ ಸಾಲಲಿಲ್ಲ."

"ನನ್ನ ಹೆಸರು ಯಾಕ ತರತೀರಿ," ಎಂದಳು ರಾಜೇಶ್ರೀ.

ಮಾಳಮ್ಮ ಕರಿಯ ಪೆಟ್ಟಿಗೆಯ ಎರಡು ದೀಪಗಳನ್ನು ನೋಡಿದಳು. "ಎರಡು ಅವ ಅಂದಿ. ಇನ್ನೊಂದರಾಗರೆ ಇರಬೇಕಲ್ಲೋ?"

"ಇಲ್ರಿ ವೈನಿ. ಇದರಾಗ ಏನಿರ್ತದ, ಅದರಾಗೂ ಅಷ್ಟೇ. ಒಂದು ಡಿಸ್ಕ್ ಕೆಟ್ಟರ ಇನ್ನೊಂದು ಇರಲಿ ಅಂತ ಎರಡು. ನಾ ಇದರಾಗ ಅಳಿಸಿದರ ಅದರಾಗೂ ಅಳಿಸಿ ಹೋಗ್ತದ."

"ಹಂಗಾದರ ಕ್ಯಾಸೆಟ್ ಕೊಟ್ಟುಬಿಡು. ಕಮಲಾಪುರದಾಗ ಯಾರದರೆ ಟೇಪ್ ಇದ್ದೀತು." ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು.

ಸಿದ್ದಣ್ಣ ಹೆಂಡತಿಯ ಕಡೆ ನೋಡಿದ. ರಾಜೇಶ್ರೀ ಖಾಲಿ ಕಪ್ಪುಗಳನ್ನು ತಟ್ಟೆಗೆ ಜೋಡಿಸತೊಡಗಿದಳು.

"ಬೂಸ್ಟು ಹಿಡದಿದ್ವು ವೈನಿ," ಎಂದ, ದನಿ ಇಳಿಸಿ. "ಎಲ್ಲಾ ಇದರಾಗ ಬಂತಲ್ಲ ಅಂತ, ದೀಪಾವಳಿಗಿ ಮನಿ ಸ್ವಚ್ಛ ಮಾಡುವಾಗ ಗುಜರಿಯವಗ ಹಾಕಿದ್ವಿ."

ಪೆಟ್ಟಿಗೆಯೊಳಗೆ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮಾಳಮ್ಮ ಮುಚ್ಚಳ ಹಾಕಲು ಮರೆತು ಡಬ್ಬಿಯನ್ನು ಹಾಗೆಯೇ ಹಿಡಿದುಕೊಂಡಿದ್ದಳು.

"ಯಾಕ ವೈನಿ, ಅದರಾಗ ಏನಿತ್ತು?"

ಅವನು ಕೇಳಿದ ರೀತಿಯಲ್ಲಿ ಕಪಟವಿರಲಿಲ್ಲ. ಚಡ್ಡಿ ಹಾಕಿಕೊಂಡು ಓಡಾಡುವಾಗ ಅವಳ ಕೈಯ ರೊಟ್ಟಿ ತಿಂದವನು. ಈಗ ಅವನ ಕಿವಿಯ ಪಕ್ಕದ ಕೂದಲು ನರೆತಿತ್ತು. ನಿನ್ನ ಅಣ್ಣ ನನ್ನ ಹೆಸರು ಹೇಳಿದ್ದ ಎಂದು ಈ ವಯಸ್ಸಿನಲ್ಲಿ, ಈ ಸೋಫಾದ ಮೇಲೆ ಕೂತು, ಮೈದುನನ ಮುಂದೆ ಅವಳು ಹೇಳುವುದು ಹೇಗೆ?

"ಏನಿಲ್ಲಪ್ಪ," ಎಂದಳು. "ಗದ್ದಲನೇ ಇತ್ತು."

ಅವನಿಗೆ ಅಷ್ಟು ಸಾಕಾಯಿತು. ಅವಳ ಫೋನನ್ನು ಇಸಕೊಂಡು ಏನೇನೋ ಒತ್ತಿ, ಇನ್ನು ಕಮಲಾಪುರದಲ್ಲಿ ಕೂತೇ ಇಲ್ಲಿಯ ಹಾಡು ಕೇಳಬಹುದೆಂದು ತಿರುಗಿ ಕೊಟ್ಟ. ಹೊರಡುವಾಗ ರಾಜೇಶ್ರೀ ಡಬ್ಬಿಯನ್ನು ಒಳಗೆ ಒಯ್ದು, ಅಂಚಿನ ತನಕ ಅವಲಕ್ಕಿ ಚೂಡಾ ತುಂಬಿಕೊಂಡು ತಂದಳು. "ಖಾಲಿ ಡಬ್ಬಿ ಒಯ್ಯಬಾರದಕ್ಕ," ಎಂದಳು.

ಕಮಲಾಪುರದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಚಾಂದಬಿ ಕಟ್ಟೆಯ ಮೇಲೆ ಕಾದು ಕೂತಿದ್ದಳು. ಹಲ್ಲು ಅರ್ಧ ಉದುರಿದ್ದರೂ ಬಾಯಿ ಹಾಗೇ ಇತ್ತು.

"ಬಂದೇನು ಕಲಬುರ್ಗಿ ಸಾಹುಕಾರ್ತಿ? ಕೇಳಿದಿ?"

"ಕೇಳಿದೆ."

"ನಾ ನಕ್ಕಿದ್ದು ಅದ?"

ಮಾಳಮ್ಮ ಕಟ್ಟೆಯ ಮೇಲೆ ಕೂತು ಡಬ್ಬಿಯನ್ನು ನಡುವೆ ಇಟ್ಟಳು. "ಅದ."

"ಯಾ ಅಲ್ಲಾ, ಎಷ್ಟು ನಕ್ಕಿದ್ದೆ ಅವತ್ತು. ಫೋನಿನಾಗ ಹಾಕಿ ಕೊಟ್ಟಾನೇನು? ಹಚ್ಚು, ನಾನೂ ಕೇಳತೀನಿ."

"ನೆಟ್ಟು ಬರವಲ್ದು."

ಚಾಂದಬಿ ಮುಚ್ಚಳ ತೆಗೆದು ಹಿಡಿ ಚೂಡಾ ಬಾಯಿಗೆ ಹಾಕಿಕೊಂಡಳು. ಶೇಂಗಾ ಅಗಿಯಲಾಗದೆ ಆರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಗಂಟಲು ದಪ್ಪ ಮಾಡಿ, ನೆಲ ನೋಡುತ್ತ, ಅಮೋಘಪ್ಪನ ಹಾಗೆ ತಲೆ ಕೆರೆದುಕೊಂಡಳು.

"ಕೆಂಪು ಬಾಳಿಗಿ ತೂಗ್ತದ ಗೊನಿ..." ಅಲ್ಲಿಗೆ ನಿಂತಳು. "ಮುಂದ ಏನದು? ಮರತೇ ಹೋಗ್ಯಾದ ನೋಡು. ನೀ ಈಗೇ ಕೇಳಿ ಬಂದೀಯಲ್ಲ, ಹೇಳು."

ಮಾಳಮ್ಮ ಮುಚ್ಚಳ ತೆಗೆದುಕೊಂಡು ಡಬ್ಬಿಗೆ ಹಾಕಿದಳು. ತಗಡಿನ ಅಂಚು ಬಾಗಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಅವಳು ಎರಡೂ ಅಂಗೈ ಊರಿ ಅದನ್ನು ಒತ್ತಿ ಹಿಡಿದುಕೊಂಡು ಕೂತಳು.