ಇಪ್ಪತ್ತೆರಡರ ಸಂಜೆಯ ಕೀರ್ತನೆ

ಹೆಸ್ಟರ್ ಟ್ರಾನ್ಮರ್ ಬೆಳಗಿನಿಂದಲೂ ಸಂಜೆಯ ಪ್ರಾರ್ಥನೆಗಾಗಿ ಕಾಯುತ್ತಿದ್ದಳು. ಬೇಡಿಕೊಳ್ಳಲಿಕ್ಕಲ್ಲ, ಶಪಿಸಲಿಕ್ಕೆ. ಅದೂ ದೇವರ ಮನೆಯಲ್ಲಿ, ದೇವರ ಪುಸ್ತಕದ ಮಾತಿನಲ್ಲೇ, ಎಜ್ರಾ ಸ್ಟೋರ್ ಎಂಬವನ ಮುಖ ನೋಡಿಕೊಂಡು.

ಕಡಲತಡಿಯ ಸ್ಕೆಲ್‌ವಿಕ್‌ನ ಚರ್ಚಿನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗಂಟೆ ಹೊಡೆದು ಪ್ರಾರ್ಥನೆ ಹೇಳುತ್ತಾರೆ. ಯಾರೂ ಬರದಿದ್ದರೂ ಪಾದ್ರಿ ಗಾರ್ಬಟ್ ಒಬ್ಬರೇ ನಿಂತು ಹೇಳಿ ಮುಗಿಸುತ್ತಾರೆ. ಊರಿನವರು ಆ ಗಂಟೆ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ, ಒಲೆಯ ಮೇಲೆ ಆಲೂಗಡ್ಡೆ ಇಡುತ್ತಾರೆ, ಚರ್ಚಿನೊಳಗೆ ಮಾತ್ರ ಕಾಲಿಡುವುದಿಲ್ಲ. ಪ್ರಾರ್ಥನೆಯ ಪುಸ್ತಕದಲ್ಲಿರುವ ಬೈಬಲಿನ ಕೀರ್ತನೆಗಳನ್ನೆಲ್ಲ ತಿಂಗಳ ದಿನಗಳಿಗೆ ಹಂಚಿಟ್ಟಿದೆ. ತಿಂಗಳ ಕೊನೆಗೆ ಮುಗಿದರೆ ಮತ್ತೆ ಮೊದಲಿನಿಂದ. ಯಾವ ದಿನಕ್ಕೆ ಯಾವುದು ಬಂತೋ ಅದನ್ನೇ ಹೇಳಬೇಕು, ಒಂದು ವಚನವನ್ನೂ ಬಿಡುವಂತಿಲ್ಲ. ಬೇಕಾದ್ದನ್ನು ಆರಿಸಿಕೊಳ್ಳಲು ಇದೇನು ಮೀನಂಗಡಿಯಲ್ಲ ಎನ್ನುವುದು ಪಾದ್ರಿಯ ಮಾತು.

ಕಳೆದ ಚಳಿಗಾಲದಲ್ಲಿ ಹೆಸ್ಟರಳ ಮಗ ವಿಲ್ಫ್ ಸಮುದ್ರದ ಪಾಲಾದ. ಎಜ್ರಾನ ದೋಣಿಯಲ್ಲಿ ಹೋಗಿದ್ದವನು ಬಿರುಗಾಳಿಗೆ ಸಿಕ್ಕಿ ಬಂಡೆಗಳ ಹತ್ತಿರ ನೀರಿಗೆ ಬಿದ್ದ. ಎಜ್ರಾ ದೋಣಿಯನ್ನು ಸುತ್ತು ಹಾಕಿಸಿ ಹುಡುಕಿದ, ಸಿಗಲಿಲ್ಲ. ಉಳಿದವರನ್ನು ಕರೆದುಕೊಂಡು ಬಂದರಿಗೆ ಬಂದುಬಿಟ್ಟ. ಇನ್ನೊಂದು ಸುತ್ತು ಹಾಕಿದ್ದರೆ ದೋಣಿಯೇ ಮಗುಚುತ್ತಿತ್ತು ಎಂದು ಊರೆಲ್ಲ ಹೇಳಿತು. ಊರಿಗೇನು, ಹೇಳುತ್ತದೆ. ಹೆಸ್ಟರಳಿಗೆ ಬೇಕಾಗಿದ್ದದ್ದು ಆ ಇನ್ನೊಂದು ಸುತ್ತು. ಮಾರನೆಯ ದಿನ ಟೋಪಿ ಕೈಯಲ್ಲಿ ಹಿಡಿದು ಮನೆಗೆ ಬಂದ ಎಜ್ರಾನ ಮುಖಕ್ಕೆ ಬಾಗಿಲು ಹಾಕಿದವಳು ಇವತ್ತಿನವರೆಗೂ ಅವನ ಜೊತೆ ಒಂದು ಮಾತಾಡಿಲ್ಲ.

ಹುಚ್ಚು ಹಿಡಿಯುವಂತಾಗಿದ್ದ ಆ ದಿನಗಳಲ್ಲಿ ಅವಳಿಗೆ ಪ್ರಾರ್ಥನೆಯ ರೂಢಿ ಹಿಡಿಸಿದವರು ಪಾದ್ರಿ.

"ನನಗೆ ಪ್ರಾರ್ಥನೆ ಮಾಡೋ ಮನಸ್ಸೇ ಇಲ್ಲ, ಸ್ವಾಮಿ," ಎಂದಿದ್ದಳು ಅವಳು.

"ಮನಸ್ಸನ್ನ ಯಾರು ಕೇಳಿದ್ರಮ್ಮ? ಗಂಟೆ ಹೊಡೀತಾ, ಎದ್ದು ಬಾ. ಬಾಯಿ ಮುಂದೆ ಹೋಗ್ಲಿ, ಮನಸ್ಸು ಹಿಂದೆ ಕುಂಟ್ಕೊಂಡು ಬರತ್ತೆ."

ಬಂದಳು. ಮೊದಮೊದಲು ತೌಡು ಅಗಿದಂತಿತ್ತು. ಬರಬರುತ್ತಾ ಗಂಟೆಯ ಸದ್ದಿಗೆ ಕಾಲು ತಾನಾಗಿ ಮೆಟ್ಟಿಲಿಳಿಯತೊಡಗಿತು. ಒಂದೇ ಒಂದು ಕಡೆ ಮಾತ್ರ ಬಾಯಿ ಹಟ ಹಿಡಿಯಿತು. ಇಪ್ಪತ್ತೆರಡನೆಯ ತಾರೀಕಿನ ಬೆಳಿಗ್ಗೆ ಸಮುದ್ರದ ಕೀರ್ತನೆ ಬರುತ್ತದೆ. ಹಡಗು ಹತ್ತಿ ಹೋದವರು ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿ, ಬದುಕಿ ದಡ ಸೇರುವ ಹಾಡು. ಪ್ರತಿ ತಿಂಗಳೂ ಅವಳು ಅಲ್ಲಿ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದಳು. ಪಾದ್ರಿ ಅವಳ ವಚನಗಳನ್ನೂ ತಾವೇ ಹೇಳಿಕೊಂಡು ಮುಂದೆ ಹೋಗುತ್ತಿದ್ದರು, ಒಂದು ದಿನವೂ ಯಾಕೆಂದು ಕೇಳಲಿಲ್ಲ.

ಹೀಗಿರುವಾಗ ಈ ನವೆಂಬರ್ ಹುಟ್ಟುತ್ತಲೇ ಎಜ್ರಾ ಬಂದ. ಹೆಸ್ಟರಳ ಎದುರಿನ ಸಾಲಿನಲ್ಲಿ ನಿಂತ. ಎರಡು ಸಾಲುಗಳೂ ಎದುರುಬದುರು. ಒಂದು ವಚನ ಈ ಕಡೆಯವರದು, ಮುಂದಿನದು ಆ ಕಡೆಯವರದು. ಇವರು ಹೇಳುವಾಗ ಅವರು ಬಾಯಿ ಹಾಕುವಂತಿಲ್ಲ. ಬೀದಿಯಲ್ಲಿ ಎದುರಾದರೆ ಅವಳು ಮುಖ ತಿರುಗಿಸುವ ಮನುಷ್ಯನಿಗೆ ಇಲ್ಲಿ ಮಾತಿಗೆ ಮಾತು ಕೊಡಬೇಕು.

ಪ್ರಾರ್ಥನೆ ಮುಗಿದದ್ದೇ ತಡ, ಅವಳು ಪಾದ್ರಿಯನ್ನು ತರಾಟೆಗೆ ತೆಗೆದುಕೊಂಡಳು.

"ಅವನನ್ನ ಯಾಕೆ ಕರೆದ್ರಿ?"

"ನಾನೆಲ್ಲಿ ಕರೆದೆ? ಗಂಟೆ ಕರೀತು. ನಿನ್ನನ್ನ ಕರೆದದ್ದೂ ಅದೇ."

"ಹಾಗಾದ್ರೆ ನಾಳೆಯಿಂದ ನಾನು ಬರಲ್ಲ."

"ನಾಳೆ ಗಂಟೆ ಹೊಡೆದಾಗ ನಿನ್ನ ಕಾಲು ಸುಮ್ನಿರತ್ತಾ, ನೋಡು."

ಕಾಲು ಸುಮ್ಮನಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ಸಂಜೆ ಪುಸ್ತಕದ ಹಾಳೆಗಳನ್ನು ಮುಂದೆ ತಿರುವಿದಳು, ಇಪ್ಪತ್ತೆರಡರ ಸಂಜೆಗೆ ಬಂದು ನಿಂತಳು. ಅಲ್ಲಿರುವುದು ಶಾಪದ ಕೀರ್ತನೆ. ವೈರಿಯ ಆಯುಸ್ಸು ಕುಗ್ಗಲಿ, ಮಕ್ಕಳು ಬೀದಿಪಾಲಾಗಲಿ, ಅವನಿಗೆ ಮರುಗುವವರೇ ಇಲ್ಲದಿರಲಿ ಎಂದು ಸಾಲುಸಾಲಾಗಿ ಬೇಡುವ ಕೀರ್ತನೆ. ಪುಸ್ತಕದಲ್ಲೇ ಇರುವಾಗ ಪಾಪ ಹೇಗಾದೀತು? ಮೊದಲು ಶುರುಮಾಡುವ ತನ್ನ ಸಾಲಿಗೆ ಯಾವ ವಚನಗಳು ಬರುತ್ತವೆ ಎಂದು ಬೆರಳಿಟ್ಟು ಲೆಕ್ಕ ಹಾಕಿದಳು. ಮರುಗುವವರಿಲ್ಲದಿರಲಿ ಎಂಬುದು ತನ್ನ ಪಾಲಿಗೇ ಬರುತ್ತದೆಂದು ಗೊತ್ತಾದಾಗ ಹೊಟ್ಟೆ ತಣ್ಣಗಾಯಿತು. ಎಷ್ಟೋ ದಿನಗಳ ಮೇಲೆ ಆ ಸಂಜೆ ಹೊಟ್ಟೆತುಂಬ ಉಂಡಳು.

ಇಪ್ಪತ್ತೆರಡು ಬಂತು. ಬೆಳಿಗ್ಗೆ ಸಮುದ್ರದ ಕೀರ್ತನೆಗೆ ಎಂದಿನಂತೆ ಬಾಯಿ ಬಿಡಲಿಲ್ಲ. ಪಾದ್ರಿ ಕೆಮ್ಮಿ ಕೆಮ್ಮಿ ಹೇಗೋ ಮುಗಿಸಿ, ಜ್ವರದಲ್ಲಿ ಹಾಸಿಗೆ ಹಿಡಿದರು. ಸಂಜೆಯ ಪ್ರಾರ್ಥನೆಯನ್ನು ಹೆಸ್ಟರ್ ನಡೆಸಲಿ, ಗಂಟೆ ಎಜ್ರಾ ಹೊಡೆಯಲಿ ಎಂದು ಹೇಳಿಕಳಿಸಿದರು. ಇನ್ನೇನು ಬೇಕು? ಅವಳೂ ಅವನೂ, ಇಬ್ಬರೇ.

ಮಧ್ಯಾಹ್ನದಿಂದ ಈಶಾನ್ಯದ ಗಾಳಿ ಎದ್ದಿತು. ಬ್ರೆಡ್ಡು ತರಲು ಹೋದಾಗ ಅಂಗಡಿಯ ಡಾರ್ಕಸ್ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದಳು, "ಎಲ್ಲಾ ದೋಣಿ ಬಂದ್ವು ಕಣೇ ಹೆಸ್ಟರ್. ಜೆಮ್‌ದು ಒಂದು ಬಿಟ್ಟು."

"ಯಾವ ಜೆಮ್?"

"ಯಾವ ಜೆಮ್ ಅಂತೀಯಲ್ಲ, ಊರಿಗೆ ಹೊಸಬಳ ಹಾಗೆ. ಎಜ್ರಾನ ಮಗ. ಅಪ್ಪ ಸಮುದ್ರಕ್ಕೆ ಹೋಗೋದು ಬಿಟ್ಟಾಗಿಂದ ಆ ಹುಡುಗನೇ ಅಲ್ವಾ ಹೋಗೋದು." ಡಾರ್ಕಸ್ ದನಿ ತಗ್ಗಿಸಿದಳು. "ಇವತ್ತು ನಿನಗೆ ಖುಷಿಯಾಗಿರಬೇಕು."

"ಬಾಯಿ ಮುಚ್ಕೊಂಡು ಬ್ರೆಡ್ಡು ಕೊಡು," ಎಂದಳು ಹೆಸ್ಟರ್.

ಖುಷಿಯಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಗೆಲ್ಲೋ ಒಂದು ಮೂಲೆಯಲ್ಲಿ ಆಗಿತ್ತು. ಅದನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಸಂಜೆ ಗಂಟೆ ಹೊಡೆಯಿತು. ಎಂದಿನ ಸಮ ಹೊಡೆತವಲ್ಲ. ಒಂದು ಹೊಡೆತ ಬೇಗ, ಮುಂದಿನದು ತಡ. ಅವಳು ಒಳಗೆ ಹೋದಾಗ ಎಜ್ರಾ ತನ್ನ ಜಾಗದಲ್ಲಿ ನಿಂತಿದ್ದ. ಬಂದರಿನಲ್ಲಿ ಕಣ್ಣು ನೆಟ್ಟು ನಿಲ್ಲಬೇಕಾದವನು ಇಲ್ಲಿಗೇಕೆ ಬಂದ? ಗಂಟೆ ಹೊಡೆಯಬೇಕಿತ್ತು, ಬಂದ. ಅಷ್ಟೆ. ಅವನಿಗೂ ರೂಢಿ ಹಿಡಿದುಬಿಟ್ಟಿತ್ತು. ಗಾಳಿ ಕಿಟಕಿಯ ಗಾಜುಗಳನ್ನು ಅಲುಗಾಡಿಸುತ್ತಿತ್ತು.

ಹೆಸ್ಟರ್ ಶುರುಮಾಡಿದಳು. ಮೊದಲ ಕೀರ್ತನೆ ಸಣ್ಣದು, ಬೇಗ ಮುಗಿಯಿತು. ಎರಡನೆಯದು ಶಾಪದ್ದು. ಶಾಪಗಳು ಬರುವವರೆಗೆ ಅವಳ ದನಿ ಗಟ್ಟಿಯಾಗಿತ್ತು. ಆಯುಸ್ಸು ಕುಗ್ಗಲಿ ಎಂಬ ವಚನವನ್ನು ಅವನ ಮುಖಕ್ಕೇ ಹೇಳಿದಳು, ಪುಸ್ತಕ ನೋಡಲೇ ಇಲ್ಲ.

ಎಜ್ರಾ ತಲೆಯೆತ್ತಿದ. ಅವನಿಗೆ ಅರ್ಥವಾಯಿತು. ಯಾರ ಮೇಲೆ, ಯಾಕೆ, ಎಲ್ಲವೂ. ಅರ್ಥವಾದ ಮೇಲೂ ಅವನು ತನ್ನ ಪಾಲಿನ ವಚನವನ್ನು ಹೇಳಿದ. ಹೆಂಡತಿ ವಿಧವೆಯಾಗಲಿ ಎಂಬುದನ್ನು ಮೆಲ್ಲಗೆ, ಒಂದಕ್ಷರ ಬಿಡದೆ ಹೇಳಿದ.

ಹೆಸ್ಟರ್ ಇದನ್ನು ಎಣಿಸಿರಲಿಲ್ಲ. ತನ್ನ ವಚನಗಳನ್ನೇನೋ ಬೆರಳಿಟ್ಟು ಲೆಕ್ಕ ಹಾಕಿದ್ದಳು. ಅವನ ಪಾಲಿಗೆ ಯಾವುದು ಬರುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಅರ್ಧ ಶಾಪವನ್ನು ಅವನು ಅವನಿಗೇ ಹಾಕಿಕೊಳ್ಳಬೇಕಿತ್ತು. ಆದರೆ ಬಾಯಿ ನಿಲ್ಲಲಿಲ್ಲ. ಇಷ್ಟು ದಿನ ಪಳಗಿದ ಬಾಯಿ ಅದು. ಮಕ್ಕಳು ಬೀದಿಪಾಲಾಗಲಿ ಎಂದಿತು. ಅವನು ತನ್ನದನ್ನು ಹೇಳಿದ. ಮರುಗುವವರಿಲ್ಲದಿರಲಿ ಎಂದಿತು. ಎಷ್ಟು ದಿನದಿಂದ ಕಾದಿಟ್ಟ ವಚನ. ಹೇಳಿದ ಮೇಲೆ ನಾಲಿಗೆಯ ಮೇಲೆ ತುಕ್ಕಿನ ರುಚಿ ಉಳಿಯಿತು.

ಮುಂದಿನದು ಅವನದು. ಹೆಸ್ಟರ್ ಪುಸ್ತಕ ನೋಡಿದಳು. ಅವನ ಸಂತತಿ ಅಳಿದುಹೋಗಲಿ ಎಂದಿತ್ತು.

ಎಜ್ರಾ ಓದಲಿಲ್ಲ. ಅವನ ಬೆರಳು ಹಾಳೆಯ ಮೇಲೆ ಆ ವಚನದ ಕೆಳಗೇ ಇತ್ತು. ಕಿವಿ ಮಾತ್ರ ಬಂದರಿನ ಕಡೆಗಿತ್ತು. ಅವನು ತುಟಿ ಒದ್ದೆ ಮಾಡಿಕೊಂಡ, ಉಸಿರೆಳೆದುಕೊಂಡ. ಹೇಳಿಬಿಡುತ್ತಾನೆ, ಹೆಸ್ಟರಳಿಗೆ ಗೊತ್ತಾಯಿತು. ಬಂದ ವಚನವನ್ನು ಬಿಡುವಂತಿಲ್ಲ ಎಂದು ಕಲಿತವನು. ಜೊತೆಗೆ, ಇದು ತನಗೆ ಸಲ್ಲಬೇಕಾದದ್ದೇ ಎಂದು ಒಪ್ಪಿಕೊಂಡವನು.

"ಬೇಡ, ಎಜ್ರಾ."

ವರ್ಷ ತುಂಬುತ್ತ ಬಂದ ಮೌನವನ್ನು ಮುರಿದ ಮೊದಲ ಮಾತು ಅದು. ಅವನು ಬಾಯಿ ತೆರೆದವನು ಹಾಗೇ ನಿಂತ.

"ಅದನ್ನ ಹೇಳ್ಬೇಡ. ಪುಸ್ತಕ ಹಿಂದಕ್ಕೆ ತಿರುಗಿಸು."

"ಹಿಂದಕ್ಕಾ? ಹಾಗೆ ಮಾಡೋ ಹಾಗಿಲ್ವಲ್ಲ."

"ಪಾದ್ರಿಗಳಿಗೆ ನಾನು ಹೇಳ್ಕೋತೀನಿ. ಬೆಳಗಿನದು ತೆಗಿ. ಹಡಗಿನವರದು."

ಅವನು ತಡಕಾಡಿ ಹಾಳೆ ತಿರುವಿದ. ಹೆಸ್ಟರಳಿಗೆ ಹಾಳೆ ಬೇಕಿರಲಿಲ್ಲ. ತಿಂಗಳು ತಿಂಗಳೂ ತುಟಿ ಮುಚ್ಚಿ ಕೇಳಿದ್ದೆಲ್ಲ ಒಳಗೇ ಕೂತಿತ್ತು. ಹಡಗು ಹತ್ತಿ ಹೋದವರಿಂದ ಶುರುಮಾಡಿದಳು. ಅವನು ಉತ್ತರ ಕೊಟ್ಟ. ಗಾಳಿ ಏಳುವುದನ್ನು ಅವಳು ಹೇಳಿದಳು, ಅಲೆಗಳು ಎತ್ತಿ ಕೆಡಹುವುದನ್ನು ಅವನು ಹೇಳಿದ. ಮುಳುಗುವವರು ತತ್ತರಿಸುವುದನ್ನು ಹೇಳುವಾಗ ಅವಳ ಕಣ್ಣ ಮುಂದೆ ವಿಲ್ಫ್ ಬಂದ. ಅವರು ಕೂಗಿಕೊಂಡದ್ದನ್ನು ಅವನು ಹೇಳಿದ. ಮುಂದಿನದು ಅವಳದು. ದೇವರು ಬಿರುಗಾಳಿಯನ್ನು ಅಡಗಿಸಿದ, ಅಲೆಗಳು ಸುಮ್ಮನಾದವು ಎಂಬ ವಚನ.

ಅದು ಅವಳ ಪಾಲಿಗೆ ಸುಳ್ಳು. ವಿಲ್ಫ್‌ಗಾಗಿ ಯಾವ ಅಲೆಯೂ ಸುಮ್ಮನಾಗಲಿಲ್ಲ. ಎದುರಿಗೆ ಎಜ್ರಾ ಕಾಯುತ್ತಿದ್ದ. ಆ ವಚನ ಅವಳ ಬಾಯಿಂದಲೇ ಬರಬೇಕು, ಅವನು ಹೇಳುವಂತಿಲ್ಲ. ಹೆಸ್ಟರ್ ಹೇಳಿದಳು. ತನ್ನ ಮಗನಿಗೆ ಸಿಗದದ್ದನ್ನು ಅವನ ಮಗನಿಗೆ ಕೇಳಿಕೊಂಡು, ಅಳುತ್ತಾ, ಗಟ್ಟಿಯಾಗಿ ಹೇಳಿದಳು.

ದಡ ಸೇರಿದ ವಚನ ಎಜ್ರಾನದು. ಅವನು ಅದನ್ನು ಹೇಳಿದನೋ ಅತ್ತನೋ ತಿಳಿಯಲಿಲ್ಲ.

"ನಡಿ ಬಂದರಿಗೆ," ಎಂದಳು ಅವಳು, ಶಾಲು ಹೊದ್ದುಕೊಳ್ಳುತ್ತಾ. "ಒಬ್ಬರೇ ನಿಂತು ಕಾಯೋದು ಹೇಗಿರತ್ತೆ ಅಂತ ನನಗೆ ಗೊತ್ತು."

ಕಲ್ಲುಕಟ್ಟೆಯ ಮೇಲೆ ಇಬ್ಬರೂ ಒದ್ದೆಯಾಗಿ ನಿಂತರು. ಬಹಳ ಹೊತ್ತಿನ ಮೇಲೆ ಬಂಡೆಗಳ ಆಚೆ ಒಂದು ದೀಪ ಕಂಡಿತು, ಮುಳುಗಿತು, ಮತ್ತೆ ಕಂಡಿತು. ಎಜ್ರಾ ಮಗನ ಹೆಸರು ಕೂಗುತ್ತಾ ಮೆಟ್ಟಿಲಿಳಿದು ಓಡಿದ. ದೋಣಿಯಿಂದ ಇಳಿದ ಜೆಮ್‌ನನ್ನು ಅವನು ತಬ್ಬಿಕೊಂಡದ್ದನ್ನು ನೋಡಿ ಹೆಸ್ಟರಳಿಗೆ ಹೊಟ್ಟೆಯುರಿಯಿತು. ನಿಜವಾಗಿಯೂ ಉರಿಯಿತು. ಶಾಪ ಮಾತ್ರ ಎಷ್ಟು ಹುಡುಕಿದರೂ ಬಾಯಿಗೆ ಬರಲಿಲ್ಲ.

ಎಜ್ರಾ ಮೇಲೆ ಹತ್ತಿ ಬಂದು ಅವಳ ಮುಂದೆ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಅವತ್ತು ಅವಳ ಬಾಗಿಲಿಗೆ ಬಂದಾಗ ಹಿಡಿದಿದ್ದಂತೆಯೇ.

"ಹೆಸ್ಟರಮ್ಮ, ಅವತ್ತು ನಾನು ಇನ್ನೊಂದು ಸುತ್ತು..."

"ಇವತ್ತು ಬೇಡ," ಎಂದಳು ಅವಳು. "ಬೆಳಿಗ್ಗೆ ಗಂಟೆ ಹೊಡಿ. ನಾನು ಬರ್ತೀನಿ. ಪ್ರಾರ್ಥನೆ ಆದ್ಮೇಲೆ ಹೇಳು, ಕೇಳ್ತೀನಿ."